ಹಾಕ್ಸನ್ ಹೊಲದ ಹೊನ್ನು

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಈಶಾನ್ಯಕ್ಕೆ, ನಾರಿಚ್ ನಗರದ ಕಡೆಗೆ ಹೊರಡುವ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ಕುಳಿತರೆ ಡಿಸ್ ಎಂಬ ಸಣ್ಣ ಪೇಟೆ ಬರುತ್ತದೆ. ಅರಮನೆಗಳನ್ನೂ ಗೋಪುರಗಳನ್ನೂ ನೋಡಲೆಂದು ಸಾವಿರಾರು ಮೈಲಿ ದಾಟಿ ಬಂದ ಪ್ರವಾಸಿಗರು ಈ ದಿಕ್ಕಿಗೆ ತಲೆ ಹಾಕುವುದು ಅಪರೂಪ. ಇಲ್ಲಿ ಬೆಟ್ಟವಿಲ್ಲ, ಜಲಪಾತವಿಲ್ಲ. ಕಣ್ಣು ಹಾಯುವಷ್ಟು ದೂರ ಗೋಧಿ ಬಾರ್ಲಿಗಳ ಹೊಲ. ಹೊಲಗಳ ನಡುವೆ ಮುಳ್ಳುಗಿಡಗಳ ಬೇಲಿ. ಅಲ್ಲೊಂದು ಇಲ್ಲೊಂದು ಓಕ್ ಮರ. ಮರಗಳ ಮರೆಯಿಂದ ಇಣುಕುವ ಚಕಮಕಿ ಕಲ್ಲಿನ ಚರ್ಚುಗೋಪುರ. ಕಾರ್ತಿಕ ಮಾರ್ಗಶಿರಗಳ ದಿನಗಳಲ್ಲಿ ಈ ಸೀಮೆಯನ್ನು ನೋಡಿದವರಿಗೆ ಕಪ್ಪು ಮಣ್ಣು, ಬೂದುಬಣ್ಣದ ಆಕಾಶ, ಇವೆರಡರ ನಡುವೆ ಹಾರುವ ಕಾಗೆಗಳ ಹಿಂಡು ಮಾತ್ರವೇ ನೆನಪಿನಲ್ಲಿ ಉಳಿಯುವುದು.

ಡಿಸ್ ಪೇಟೆಯನ್ನು ಬಿಟ್ಟು ವೇವ್ನಿ ಎಂಬ ಕಿರುನದಿಯನ್ನು ದಾಟಿದರೆ ನಾರ್ಫೋಕ್ ಪ್ರಾಂತ ಮುಗಿದು ಸಫೋಕ್ ಪ್ರಾಂತ ಮೊದಲಾಗುತ್ತದೆ. ನದಿಯ ದಕ್ಷಿಣಕ್ಕೆ ಕೆಲವೇ ಮೈಲಿ ದೂರದಲ್ಲಿ ಒಂದು ಹಳ್ಳಿಯುಂಟು. ಅದರ ಹೆಸರನ್ನು ಬರೆಯುವ ಬಗೆ ಒಂದು, ನುಡಿಯುವ ಬಗೆ ಇನ್ನೊಂದು. ಹಲಗೆಯ ಮೇಲಿನ ಅಕ್ಷರಗಳನ್ನು ನಂಬಿ ‘ಹಾಕ್ಸ್‌ನೆ’ ಎಂದು ಕೇಳಿದವನನ್ನು ಊರಿನವರು ನಗುತ್ತಾ ತಿದ್ದಿ ‘ಹಾಕ್ಸನ್’ ಎನ್ನುತ್ತಾರೆ. ಸಾವಿರದೊಳಗಿನ ಜನವಸತಿ. ಒಂದು ಹಳೆಯ ಚರ್ಚು, ಹಂಸದ ಹೆಸರಿನ ಒಂದು ಹಳೆಯ ಪಾನಗೃಹ, ಒಂದು ಹಳ್ಳ, ಹಳ್ಳಕ್ಕೊಂದು ಸೇತುವೆ. ದಾರಿಹೋಕನು ಐದು ನಿಮಿಷದಲ್ಲಿ ದಾಟಿ ಹೋಗಬಹುದಾದ ಊರು. ಆದರೆ ಈ ಊರಿನ ನೆಲ ಎರಡು ಸಲ ಬಾಯಿ ತೆರೆದು ಲೋಕದ ಪಂಡಿತರನ್ನೆಲ್ಲ ಬೆರಗುಗೊಳಿಸಿದೆ. ಊರಿನ ಹಳ್ಳ ಇನ್ನೊಂದು ಕಥೆಯನ್ನು ಹೇಳುತ್ತದೆ.

ಕಲ್ಲಿನ ಕಥೆ, ಹೊನ್ನಿನ ಕಥೆ

ಮೊದಲನೆಯದು ಕಲ್ಲಿನದು. 1797ರಲ್ಲಿ ಡಿಸ್ ಬಳಿಯ ರಾಯ್ಡನ್ನಿನ ಜಮೀನುದಾರ ಜಾನ್ ಫ್ರೀರ್ ಎಂಬಾತನು ಹಾಕ್ಸನ್ನಿನಲ್ಲಿ ಇಟ್ಟಿಗೆಮಣ್ಣು ತೆಗೆಯುತ್ತಿದ್ದ ಗುಂಡಿಯಲ್ಲಿ ಚಕಮಕಿ ಕಲ್ಲಿನ ಆಯುಧಗಳನ್ನು ಕಂಡನು. ಅವುಗಳ ಬೆಲೆಯನ್ನು ಅರಿಯದ ಕೂಲಿಕಾರರು ಆ ಮೊದಲೇ ಬುಟ್ಟಿಗಟ್ಟಲೆ ಕಲ್ಲುಗಳನ್ನು ಪಕ್ಕದ ರಸ್ತೆಯ ಹಳ್ಳಕೊಳ್ಳಗಳಿಗೆ ಸುರಿದು ಮುಗಿಸಿದ್ದರು. ಫ್ರೀರ್ ಮಾಡಿದ ಕೆಲಸ ಸಣ್ಣದು, ಆದರೆ ಅದುವರೆಗೆ ಹೆಚ್ಚು ಮಂದಿ ಮಾಡದೆ ಇದ್ದುದು. ಕಲ್ಲುಗಳನ್ನು ಆರಿಸಿಕೊಂಡು ಮನೆಗೆ ಹೋಗುವ ಬದಲು ಅವು ಎಲ್ಲಿ ಬಿದ್ದಿದ್ದವೆಂಬುದನ್ನು ಅಳೆದು ಬರೆದಿಟ್ಟನು. ಮೇಲೆ ಒಂದೂವರೆ ಅಡಿ ಸಾಗುವಳಿಯ ಮಣ್ಣು, ಅದರ ಕೆಳಗೆ ಏಳೂವರೆ ಅಡಿ ಜೇಡಿ, ಅದರ ಕೆಳಗೆ ಚಿಪ್ಪುಗಳು ಬೆರೆತ ಒಂದಡಿ ಮರಳು, ಅದಕ್ಕೂ ಕೆಳಗಿನ ಗರಸಿನಲ್ಲಿ ಆಯುಧಗಳು. ಇಷ್ಟು ಪದರಗಳು ಕೂಡಿಕೊಳ್ಳಲು ಎಷ್ಟು ಕಾಲ ಬೇಕಾಗಿದ್ದೀತು! ಮನುಷ್ಯನ ಚರಿತ್ರೆ ಕೆಲವೇ ಸಾವಿರ ವರ್ಷಗಳದೆಂದು ಎಲ್ಲರೂ ನಂಬಿದ್ದ ಆ ಕಾಲದಲ್ಲಿ, ಈ ಆಯುಧಗಳು ಊಹೆಗೂ ಮೀರಿದ ಪ್ರಾಚೀನ ಕಾಲದವೆಂದು ಅವನು ಲಂಡನ್ನಿನ ಪ್ರಾಕ್ತನ ಸಂಘಕ್ಕೆ ಪತ್ರ ಬರೆದನು. 1800ರಲ್ಲಿ ಆ ಪತ್ರ ಅಚ್ಚಾಯಿತು. ಅರುವತ್ತು ವರ್ಷ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಇಂದು ಆ ಕಲ್ಲುಗಳಿಗೆ ಸುಮಾರು ನಾಲ್ಕು ಲಕ್ಷ ವರ್ಷಗಳ ವಯಸ್ಸನ್ನು ಹೇಳುತ್ತಾರೆ. ಕಲ್ಲಿಗಿಂತ ಕಲ್ಲು ಕುಳಿತಿದ್ದ ಜಾಗವೇ ದೊಡ್ಡದೆಂಬ ಪಾಠವನ್ನು ಈ ಹಳ್ಳಿ ಲೋಕಕ್ಕೆ ಆಗಲೇ ಕಲಿಸಿತ್ತು.

ಹಳ್ಳ ಹೇಳುವುದು ಕರ್ಣಪರಂಪರೆಯ ಕಥೆ. 869ರ ಸುಮಾರಿನಲ್ಲಿ ಡೇನರ ದಂಡು ಈ ಸೀಮೆಯ ಮೇಲೆ ಬಿದ್ದಾಗ ಇಲ್ಲಿನ ಅರಸ ಎಡ್ಮಂಡನು ಸೋತು ಓಡಿಬಂದು ಹಾಕ್ಸನ್ನಿನ ಸೇತುವೆಯ ಕೆಳಗೆ ಅಡಗಿದನಂತೆ. ಮದುವೆ ಮುಗಿಸಿಕೊಂಡು ಬೆಳುದಿಂಗಳಿನಲ್ಲಿ ಸೇತುವೆ ದಾಟುತ್ತಿದ್ದ ವಧೂವರರಿಗೆ ನೀರಿನಲ್ಲಿ ಏನೋ ಫಳಕ್ಕನೆ ಮಿನುಗಿದ್ದು ಕಾಣಿಸಿತು. ಅದು ಅರಸನ ಹಿಮ್ಮಡಿಯ ಚಿನ್ನದ ಮುಳ್ಳಿನ ಪ್ರತಿಬಿಂಬ. ಅವರು ಶತ್ರುಗಳಿಗೆ ಸುಳಿವು ಕೊಟ್ಟರು. ಅರಸನನ್ನು ಎಳೆದೊಯ್ದು ಮರಕ್ಕೆ ಕಟ್ಟಿ ಬಾಣಗಳಿಂದ ಕೊಂದರು. ಸಾಯುವ ಮುನ್ನ ಅವನು, ಈ ಸೇತುವೆಯನ್ನು ದಾಟುವ ನವದಂಪತಿಗಳಿಗೆಲ್ಲ ಶಾಪ ಕೊಟ್ಟನೆಂದು ಹೇಳುತ್ತಾರೆ. ಬಹುಕಾಲದವರೆಗೂ ಮದುವೆಯ ದಿಬ್ಬಣಗಳು ಸುತ್ತು ಬಳಸಿಯಾದರೂ ಬೇರೆ ದಾರಿ ಹಿಡಿಯುತ್ತಿದ್ದುವಂತೆ. ಎಡ್ಮಂಡನು ಮಡಿದದ್ದು ಬೇರೆ ಊರಿನಲ್ಲಿ ಎಂದು ವಾದಿಸುವ ವಿದ್ವಾಂಸರೂ ಉಂಟು. ಆದರೆ ಊರಿನವರಿಗೆ ಆ ಸಂದೇಹವಿಲ್ಲ. ಸೇತುವೆಗೆ ಇಂದಿಗೂ ‘ಹೊನ್ನಹಳ್ಳದ ಸೇತುವೆ’ ಎಂಬರ್ಥದ ಹೆಸರೇ ನಿಂತಿದೆ. ಹೊನ್ನು ಮಿನುಗಿದರೆ ಅದನ್ನು ಕಂಡವನ ಮನಸ್ಸು ಎತ್ತ ವಾಲುವುದು? ಆ ಹಳೆಯ ಕಥೆಯ ಪ್ರಶ್ನೆ ಇದು. ಸಾವಿರ ವರ್ಷಗಳಿಗೂ ಮಿಕ್ಕ ಕಾಲದ ನಂತರ ಅದೇ ಊರಿನ ಹೊಲವೊಂದರಲ್ಲಿ ಅದೇ ಪ್ರಶ್ನೆ ಮತ್ತೊಮ್ಮೆ ಎದ್ದಿತು. ಆಗ ದೊರೆತ ಉತ್ತರ ಬೇರೆ.

ಹುಡುಕಿದ ಬಳ್ಳಿ ಬೇರೆ

1992ನೆಯ ನವೆಂಬರಿನಲ್ಲಿ ಹಾಕ್ಸನ್ನಿನ ಗೇಣಿದಾರ ರೈತ ಪೀಟರ್ ವಾಟ್ಲಿಂಗ್ ಎಂಬಾತನ ಸುತ್ತಿಗೆಯೊಂದು ಹೊಲದಲ್ಲಿ ಕಳೆದುಹೋಯಿತು. ಅವನ ಸ್ನೇಹಿತ ಎರಿಕ್ ಲಾಸ್ ತೋಟಗಾರಿಕೆಯಿಂದ ನಿವೃತ್ತನಾದವನು. ಅವನ ಬಳಿ ಲೋಹಶೋಧಕ ಯಂತ್ರವಿತ್ತು. ಬಿಡುವಿನ ವೇಳೆಯಲ್ಲಿ ಹೊಲಗಳಲ್ಲಿ ಅದನ್ನು ಹಿಡಿದು ನಡೆಯುವುದು ಅವನ ಹವ್ಯಾಸ. ‘ನನ್ನ ಸುತ್ತಿಗೆಯನ್ನು ಹುಡುಕಿಕೊಡುವೆಯಾ?’ ಎಂದು ರೈತನು ಕೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ.

ಈ ಹವ್ಯಾಸದ ವಿಷಯವಾಗಿ ಎರಡು ಮಾತು ಇಲ್ಲಿ ಅಗತ್ಯ. ಯಂತ್ರವೆಂದರೆ ಉದ್ದನೆಯ ಕೋಲು. ಕೋಲಿನ ತುದಿಗೆ ತಟ್ಟೆಯಂತಹ ಚಪ್ಪಟೆ ಭಾಗ. ಅದರೊಳಗೆ ತಂತಿಯ ಸುರುಳಿಗಳು. ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹರಡುತ್ತದೆ. ಅಲ್ಲಿ ಲೋಹವೇನಾದರೂ ಇದ್ದರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ಸಣ್ಣ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಅದು ತನ್ನದೇ ಕ್ಷೇತ್ರವೊಂದನ್ನು ಮೇಲಕ್ಕೆ ಕಳುಹಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಗ್ರಹಿಸಿ ಕಿವಿಗೆ ಸದ್ದಾಗಿ ಮುಟ್ಟಿಸುತ್ತದೆ. ಬಿಡಿ ನಾಣ್ಯವಾದರೆ ಗೇಣುದ್ದದ ಆಳ. ಅದಕ್ಕಿಂತ ಕೆಳಗಿನದು ಸಾಮಾನ್ಯವಾಗಿ ಅದಕ್ಕೆ ಕೇಳಿಸದು. ದೂರವಾಣಿಯನ್ನು ನಿರ್ಮಿಸಿದ ಗ್ರಹಾಂ ಬೆಲ್ಲನು 1881ರಲ್ಲಿ, ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯೊಳಗಿನ ಗುಂಡನ್ನು ಪತ್ತೆಹಚ್ಚಲು ಇದೇ ತತ್ತ್ವದ ಸಾಧನವನ್ನು ಬಳಸಿ ವಿಫಲನಾದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್ಕಿ ರೂಪಿಸಿದ ಯಂತ್ರ, 1942ರ ಎಲ್ ಅಲಮೇನ್ ರಣರಂಗದಲ್ಲಿ ನೆಲಬಾಂಬುಗಳನ್ನು ಹುಡುಕಲು ನೆರವಾಯಿತು. ಯುದ್ಧ ಮುಗಿದು ಯಂತ್ರ ಹಗುರವೂ ಅಗ್ಗವೂ ಆದ ಮೇಲೆ ಅದು ಹವ್ಯಾಸಿಗಳ ಕೈ ಸೇರಿತು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕೊಯ್ಲು ಮುಗಿದು ಬಿತ್ತನೆಗೆ ಮೊದಲಿನ ದಿನಗಳೇ ಇವರಿಗೆ ಸುಗ್ಗಿ. ಹೊಲದೊಡೆಯನ ಅಪ್ಪಣೆ ಪಡೆದು, ಕಿವಿಗೆ ಯಂತ್ರದ ಕರಣೆ ಸಿಕ್ಕಿಸಿಕೊಂಡು, ಬಿತ್ತುವವನ ಹಾಗೆ ಕೈಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಸಾಲು ಹಿಡಿದು ನಡೆಯುತ್ತಾರೆ. ಸದ್ದು ಕೇಳಿದಲ್ಲಿ ಮೊಣಕಾಲೂರಿ ಒಂದು ಹೆಂಟೆ ಎತ್ತಿ ನೋಡಿದರೆ ಕೋಟಿನ ಗುಂಡಿ, ತೋಟಾದ ಹಿತ್ತಾಳೆ ತಳ, ಲಾಳದ ಮೊಳೆ, ಸಿಗರೇಟು ಪೆಟ್ಟಿಗೆಯ ತಗಡು. ಹೀಗೆ ನೂರು ಸಲ ಬಗ್ಗಿ ಎದ್ದವನಿಗೆ ಒಮ್ಮೆ ಒಂದು ಹಳೆಯ ಬೆಳ್ಳಿಯ ಪೆನ್ನಿ ಸಿಕ್ಕಿದರೆ ಅಂದಿನ ದಿನ ಸಾರ್ಥಕ. ಏಳುನೂರು ವರ್ಷದ ಹಿಂದೆ ಯಾರದೋ ಸೊಂಟದ ಚೀಲದಿಂದ ಜಾರಿಬಿದ್ದ ದುಡ್ಡನ್ನು, ಆಮೇಲೆ ಮೊದಲು ಮುಟ್ಟಿದ ಕೈ ತನ್ನದೆಂಬ ಪುಳಕವೇ ಅವರ ಸಂಪಾದನೆ.

ನವೆಂಬರ್ 16ರಂದು ಲಾಸ್‌ನ ಕಿವಿಗೆ ಬಿದ್ದ ಸದ್ದು ಇಂತಹುದಲ್ಲ. ಅದು ಬಲವಾದ ಸದ್ದು. ಮಣ್ಣನ್ನು ಕೆದಕಿದಾಗ ಬೆಳ್ಳಿಯ ನಾಣ್ಯಗಳು ಕಾಣಿಸಿಕೊಂಡವು, ಬಳಿಕ ಬೆಳ್ಳಿಯ ಚಮಚಗಳು, ಬಳಿಕ ಚಿನ್ನ. ‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಎಂಬ ಗಾದೆ ಕನ್ನಡದಲ್ಲಿದೆ. ಇಲ್ಲಿ ಹುಡುಕಿದ ಬಳ್ಳಿ ಬೇರೆ, ಕಾಲಿಗೆ ತೊಡರಿದ ಬಳ್ಳಿ ಬೇರೆ.

ಹೊಲದಲ್ಲಿ ಜನರಿಲ್ಲ. ಕೈಯಲ್ಲಿ ಗುದ್ದಲಿಯಿದೆ. ನೆಲ ಇನ್ನೂ ಕೊಡುತ್ತಲೇ ಇದೆ. ಇಂತಹ ಹೊತ್ತಿನಲ್ಲಿ ಯಾವ ಮನುಷ್ಯನ ಕೈ ತಾನಾಗಿ ನಿಂತೀತು? ಲಾಸ್‌ನ ಕೈ ನಿಂತಿತು. ಮೊದಲು ಕೈಗೆ ಬಂದಷ್ಟನ್ನು ಚೀಲಕ್ಕೆ ಹಾಕಿಕೊಂಡು, ಉಳಿದುದನ್ನು ಮುಟ್ಟದೆ, ಅವನೂ ರೈತನೂ ಪೋಲೀಸರಿಗೂ ಹೊಲದ ಒಡೆತನ ಹೊಂದಿದ್ದ ಸಫೋಕ್ ಪ್ರಾಂತದ ಕೌನ್ಸಿಲಿಗೂ ಸುದ್ದಿ ಮುಟ್ಟಿಸಿದರು. ಮರುದಿನ ಪ್ರಾಕ್ತನಶಾಸ್ತ್ರಜ್ಞರ ತಂಡ ಗುಟ್ಟಾಗಿ ಬಂದಿತು. ಕಳ್ಳಕಾಕರಿಗೆ ಸುಳಿವು ಸಿಕ್ಕುವ ಮೊದಲೇ ಮುಗಿಯಬೇಕೆಂದು ಒಂದೇ ದಿನದಲ್ಲಿ ಉತ್ಖನನವನ್ನು ಪೂರೈಸಿತು.

ಮಣ್ಣಾಗಿದ್ದ ಪೆಟ್ಟಿಗೆ

ಏನೆಲ್ಲ ದೊರೆಯಿತು ಎಂಬುದರ ಪಟ್ಟಿಯೇ ಬೆರಗು ಹುಟ್ಟಿಸುವಂತಹುದು. 569 ಚಿನ್ನದ ನಾಣ್ಯಗಳು, 14,272 ಬೆಳ್ಳಿಯ ನಾಣ್ಯಗಳು, 24 ಕಂಚಿನವು, ಒಟ್ಟು 14,865. ಇವುಗಳಲ್ಲದೆ ಸುಮಾರು ಇನ್ನೂರು ಚಿನ್ನ ಬೆಳ್ಳಿಯ ಒಡವೆ ವಸ್ತುಗಳು: ಚಮಚಗಳು, ಸೌಟುಗಳು, ಬಳೆಗಳು, ಎದೆಯ ಮೇಲೂ ಬೆನ್ನ ಮೇಲೂ ಅಡ್ಡಹಾಯ್ದು ಬರುವಂತೆ ಧರಿಸುತ್ತಿದ್ದ ಚಿನ್ನದ ಸರ, ಯಾವುದೋ ಪಾತ್ರೆಯ ಹಿಡಿಯಾಗಿದ್ದ ಬೆಳ್ಳಿಯ ಹೆಣ್ಣುಹುಲಿ. ಚಿನ್ನ ಮೂರೂವರೆ ಕಿಲೋಗ್ರಾಂ, ಬೆಳ್ಳಿ ಇಪ್ಪತ್ತಮೂರು ಕಿಲೋಗ್ರಾಮಿಗೂ ಮಿಕ್ಕಿ.

ಆದರೆ ಈ ಪಟ್ಟಿಯನ್ನು ಗುದ್ದಲಿ ಹಿಡಿದ ಯಾರು ಬೇಕಾದರೂ ಕೊಡಬಹುದಿತ್ತು. ಯಾರೂ ಕೊಡಲಾರದ ಇನ್ನೊಂದು ವಿಷಯ ಲಾಸ್ ಕೈ ತಡೆದುದರಿಂದ ಉಳಿಯಿತು. ಅದು ಪೆಟ್ಟಿಗೆ. ಹದಿನಾರು ಶತಮಾನಗಳಲ್ಲಿ ಓಕ್ ಮರದ ಹಲಗೆಗಳು ಕೊಳೆತು ಮಣ್ಣಾಗಿದ್ದವು. ಕೀಲು, ಬೀಗಗಳ ಚೂರು ಮಾತ್ರ ಇದ್ದಲ್ಲಿಯೇ ಉಳಿದಿದ್ದವು. ಅವುಗಳ ಜಾಗವನ್ನು ಗುರುತಿಸಿದಾಗ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆಯೊಂದು ಮಣ್ಣಿನಲ್ಲಿ ಗೆರೆ ಎಳೆದಂತೆ ಮೂಡಿತು. ಒಳಗೆ ಪುಟ್ಟ ಪುಟ್ಟ ಡಬ್ಬಿಗಳಿದ್ದವೆಂದೂ, ಒಡವೆಗಳು ಒಂದೆಡೆ ಬೆಳ್ಳಿಯ ಸಾಮಾನು ಇನ್ನೊಂದೆಡೆ ಇದ್ದವೆಂದೂ, ಕೆಲವನ್ನು ಬಟ್ಟೆಯಲ್ಲಿ ಸುತ್ತಿ ಹುಲ್ಲಿನ ಮೆತ್ತೆಯಿಟ್ಟು ಜೋಡಿಸಿದ್ದರೆಂದೂ ತಿಳಿದುಬಂದಿತು. ಯಾವುದೋ ಮನೆಯ ಒಡತಿಯೋ ಯಜಮಾನನೋ ದುಡುಕದೆ, ಒಂದೊಂದನ್ನೇ ಎತ್ತಿ ಒಪ್ಪವಾಗಿ ಇಟ್ಟ ಕೈಯ ಗುರುತು ಅದು. ಅವಸರದಲ್ಲಿ ಬಾಚಿ ಚೀಲಕ್ಕೆ ತುಂಬಿದ್ದರೆ ನಾಣ್ಯಗಳು ಉಳಿಯುತ್ತಿದ್ದವು. ಆ ಕೈ ಅಳಿಸಿಹೋಗುತ್ತಿತ್ತು.

ಆ ಮನೆಯವರು ಯಾರು? ಹತ್ತು ಚಮಚಗಳ ಮೇಲೆ ಔರೇಲಿಯಸ್ ಉರ್ಸಿಸಿನಸ್ ಎಂಬ ಹೆಸರಿದೆ. ಒಂದು ಚಿನ್ನದ ಬಳೆಯ ಮೇಲೆ, ಇದನ್ನು ಸುಖವಾಗಿ ತೊಟ್ಟುಕೋ ಎಂದು ಜೂಲಿಯಾನೆ ಎಂಬಾಕೆಯನ್ನು ಹರಸುವ ಅಕ್ಷರಗಳನ್ನು ಕೊರೆದಿದ್ದಾರೆ. ಅವರ ಕಥೆ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಅವರ ಕಾಲದ ಕಥೆಯನ್ನು ನಾಣ್ಯಗಳು ಹೇಳುತ್ತವೆ. ಅವುಗಳಲ್ಲಿ ಅತ್ಯಂತ ಈಚಿನವು, 407ರಲ್ಲಿ ಬ್ರಿಟನ್ನಿನ ಸೈನ್ಯ ಚಕ್ರವರ್ತಿಯೆಂದು ಸಾರಿದ ಮೂರನೆಯ ಕಾನ್‌ಸ್ಟಂಟೈನನವು. ಅವನು ಸೈನ್ಯವನ್ನು ಕಟ್ಟಿಕೊಂಡು ಕಡಲು ದಾಟಿ ಗಾಲ್ ದೇಶಕ್ಕೆ ಹೋದನು, ಸೈನ್ಯ ಮರಳಲಿಲ್ಲ. ಮೂರೂವರೆ ಶತಮಾನಗಳ ರೋಮನ್ ಆಳಿಕೆ 410ರ ಸುಮಾರಿಗೆ ಬ್ರಿಟನ್ನಿನಲ್ಲಿ ಮುಗಿದುಹೋಯಿತು. ಸಂಬಳದ ಹಣ ಬರುವುದು ನಿಂತಿತು. ಹೊಸ ನಾಣ್ಯಗಳ ಸರಬರಾಜು ನಿಂತಿತು. ಪೆಟ್ಟಿಗೆಯಲ್ಲಿದ್ದ ಬೆಳ್ಳಿಯ ನಾಣ್ಯಗಳನ್ನು ಹಿಡಿದು ನೋಡಿದರೆ ಬಹುಮಟ್ಟಿಗೆ ಎಲ್ಲವುಗಳ ಅಂಚನ್ನೂ ಕತ್ತರಿಸಿ ಬೆಳ್ಳಿಯನ್ನು ಕದ್ದಿದ್ದಾರೆ. ಹಾಗೆ ಕದಿಯುವಾಗಲೂ ಚಕ್ರವರ್ತಿಯ ಮುಖಕ್ಕೆ ಕತ್ತರಿ ತಾಗದಂತೆ ನೋಡಿಕೊಂಡಿದ್ದಾರೆ. ಸರ್ಕಾರ ಕುಸಿಯುತ್ತಿದ್ದರೂ ಅದರ ಮುಖಕ್ಕೆ ಹೆದರುವ ಅಭ್ಯಾಸ ಜನರನ್ನು ಬಿಟ್ಟಿರಲಿಲ್ಲವೇನೋ! ಅಂತಹ ದಿನಗಳಲ್ಲಿ, ಒಳ್ಳೆಯ ಕಾಲ ಬಂದಾಗ ಮತ್ತೆ ತೆಗೆದುಕೊಳ್ಳೋಣವೆಂದು ಯಾರೋ ಈ ಪೆಟ್ಟಿಗೆಯನ್ನು ಹೂಳಿದರು. ಹೂಳಿದವರು ಮರಳಿ ಬರಲಿಲ್ಲ.

ಮೆಣಸಿನ ಭರಣಿ

ಈ ನಿಧಿಯಲ್ಲಿ ಕನ್ನಡಿಗರ ಕಣ್ಣು ಬಹುಕಾಲ ನಿಲ್ಲಬೇಕಾದ ವಸ್ತುವೊಂದಿದೆ. ನಾಲ್ಕಂಗುಲ ಎತ್ತರದ ಬೆಳ್ಳಿಯ ಸ್ತ್ರೀಮೂರ್ತಿ. ಅಲ್ಲಲ್ಲಿ ಚಿನ್ನದ ಮುಲಾಮು. ಜಡೆಗಳನ್ನು ಎತ್ತಿ ಕಟ್ಟಿದ ತಲೆ, ಕೈಯಲ್ಲಿ ಒಂದು ಸುರುಳಿ. ಚಕ್ರವರ್ತಿನಿಯ ಪ್ರತಿಮೆಯೆಂದು ಮೊದಲು ಊಹಿಸಿದುದರಿಂದ ‘ಚಕ್ರವರ್ತಿನಿ’ ಎಂಬ ಹೆಸರೇ ನಿಂತಿತು. ಆದರೆ ಅದರ ತಳದಲ್ಲಿ ತಿರುಗುವ ಬಿಲ್ಲೆಯೊಂದಿದೆ. ಒಂದು ಕಡೆ ತಿರುಗಿಸಿದರೆ ತುಂಬಲು ದೊಡ್ಡ ಬಾಯಿ. ಇನ್ನೊಂದು ಕಡೆ ತಿರುಗಿಸಿದರೆ ಉದುರಿಸಲು ಸಣ್ಣ ರಂಧ್ರಗಳು. ಮತ್ತೊಂದು ಕಡೆಗೆ ಪೂರಾ ಮುಚ್ಚಳ. ಊಟದ ಮೇಜಿನ ಮೇಲೆ ಮೆಣಸಿನ ಪುಡಿ ಉದುರಿಸುವ ಭರಣಿ ಇದು! ಇಂತಹ ನಾಲ್ಕು ಭರಣಿಗಳು ಪೆಟ್ಟಿಗೆಯಲ್ಲಿದ್ದವು.

ಕರಿಮೆಣಸು ಇಂಗ್ಲೆಂಡಿನಲ್ಲಿ ಬೆಳೆಯುವುದಲ್ಲ, ರೋಮಿನಲ್ಲಿಯೂ ಬೆಳೆಯುವುದಲ್ಲ. ದಕ್ಷಿಣ ಭಾರತದ ಪಶ್ಚಿಮ ಕರಾವಳಿಯ ಮಳೆಕಾಡುಗಳಲ್ಲಿ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕಿತ್ತು, ಬಿಸಿಲಿನಲ್ಲಿ ಒಣಗಿಸಿ, ಹಡಗಿನಲ್ಲಿ ಮುಂಗಾರಿನ ಗಾಳಿಯನ್ನು ಕಾದು ಕಳುಹಿಸಿದ ಸರಕು ಅದು. ಕೆಂಗಡಲು, ಈಜಿಪ್ಟು, ಮೆಡಿಟರೇನಿಯನ್ ಇವುಗಳನ್ನೆಲ್ಲ ಹಾಯ್ದು ಸಾಮ್ರಾಜ್ಯದ ಕಟ್ಟಕಡೆಯ ಮೂಲೆಯ ಮನೆಯೊಂದರ ಊಟದ ಮೇಜನ್ನು ಅದು ಸೇರಿತ್ತು. ಅದರ ಬೆಲೆ ಎಷ್ಟೆಂಬುದಕ್ಕೆ ಅದೇ ಕಾಲದ ಒಂದು ನಿದರ್ಶನ ಸಾಕು. 408ರಲ್ಲಿ ಗಾಥರ ದೊರೆ ಅಲಾರಿಕನು ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ಅದನ್ನು ತೆಗೆಯಲು ಕೇಳಿದ ಕಪ್ಪದಲ್ಲಿ ಐದು ಸಾವಿರ ಪೌಂಡು ಚಿನ್ನ, ಮೂವತ್ತು ಸಾವಿರ ಪೌಂಡು ಬೆಳ್ಳಿಗಳೊಡನೆ ಮೂರು ಸಾವಿರ ಪೌಂಡು ಮೆಣಸೂ ಸೇರಿತ್ತೆಂದು ಗ್ರೀಕ್ ಚರಿತ್ರಕಾರ ಜೋಸಿಮಸ್ ಬರೆದಿದ್ದಾನೆ.

ಮೆಣಸು ಹೋದ ದಾರಿಯಲ್ಲಿ ಹಣ ಬಂದಿತು. ಹಾಕ್ಸನ್ನಿನ ಪೆಟ್ಟಿಗೆಗಿಂತ ನಾಲ್ಕು ಶತಮಾನಗಳಷ್ಟು ಹಿಂದಿನ ರೋಮನ್ ಬೆಳ್ಳಿ ನಾಣ್ಯಗಳು ಬೆಂಗಳೂರಿನ ನೆಲದಲ್ಲಿಯೇ ದೊರೆತಿವೆ: 1891ರಲ್ಲಿ ಯಶವಂತಪುರದ ಬಳಿ 163, 1965ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ವಿಮಾನ ನಿಲ್ದಾಣದ ಬಳಿ 256. ಸಫೋಕಿನ ಹೊಲವೂ ಯಶವಂತಪುರದ ನೆಲವೂ ಒಂದೇ ವ್ಯಾಪಾರದ ಎರಡು ತುದಿಗಳು.

ಮಾತು ತಪ್ಪಿದ ನಾಣ್ಯಗಳು

ಹಾಕ್ಸನ್ನಿನಂತೆಯೇ ಎಲ್ಲೆಡೆಯೂ ನಡೆದಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ. ಅದೇ ಸಫೋಕಿನ ಮಿಲ್ಡನ್‌ಹಾಲ್ ಎಂಬ ಪೇಟೆಯ ಬಳಿ, ಯುದ್ಧಕಾಲದ 1942ರಲ್ಲಿ, ಉಳುಮೆ ಮಾಡುವಾಗ ರೋಮನ್ ಕಾಲದ ಅಪೂರ್ವ ಬೆಳ್ಳಿ ಪಾತ್ರೆಗಳು ನೇಗಿಲಿಗೆ ಸಿಕ್ಕಿದವು. ಎರಡಡಿ ಅಗಲದ ಹರಿವಾಣವೊಂದರ ಮೇಲೆ ಕಡಲ ದೇವತೆಯನ್ನೂ ಕುಣಿಯುವ ಸ್ತ್ರೀಯರನ್ನೂ ಬಿಡಿಸಿದ್ದಾರೆ. ಇಂತಹ ಪಾತ್ರೆ ಬ್ರಿಟನ್ನಿನಲ್ಲಿ ಇನ್ನೊಂದಿಲ್ಲ. ಆದರೆ ಅವು ನಾಲ್ಕು ವರ್ಷ ಒಂದು ಮನೆಯಲ್ಲಿ ಸುಮ್ಮನೆ ಕುಳಿತಿದ್ದು 1946ರಲ್ಲಿ ಬೆಳಕಿಗೆ ಬಂದುವು. ಅಷ್ಟರಲ್ಲಿ ಹೂಳಿದ್ದ ಜಾಗದ ಸಾಕ್ಷ್ಯ ಕದಡಿಹೋಗಿತ್ತು. ಇಷ್ಟು ಸೊಗಸಾದ ಪಾತ್ರೆಗಳು ಬ್ರಿಟನ್ನಿನ ನೆಲದ್ದಾಗಿರಲಾರವು, ಯುದ್ಧವಿಮಾನದಲ್ಲಿ ಹೊರದೇಶದಿಂದ ಹೊತ್ತು ತಂದವೇ ಇರಬೇಕೆಂದು ಜನ ಆಡಿಕೊಂಡರು. ಹಾಕ್ಸನ್ನಿನ ನಿಧಿಯ ಬಗ್ಗೆ ಅಂತಹ ಮಾತನ್ನು ಯಾರೂ ಎತ್ತಲಾರರು.

ಅದಕ್ಕಿಂತ ಕೆಟ್ಟುದು ಇನ್ನೊಂದು. ಹಾಕ್ಸನ್ನಿನ ನೆರೆಯಲ್ಲಿ ‘ಐ’ ಎಂಬ ಪುಟ್ಟ ಪಟ್ಟಣವಿದೆ. ಅದೇ ಹೆಸರಿನ ಇನ್ನೊಂದು ಊರು ದೇಶದ ಪಶ್ಚಿಮ ಅಂಚಿನಲ್ಲಿ, ಹೆರಿಫರ್ಡ್ ಪ್ರಾಂತದ ಲೆಮ್‌ಸ್ಟರ್ ಪಟ್ಟಣದ ಬಳಿಯಲ್ಲಿದೆ. 2015ರ ಜೂನಿನಲ್ಲಿ ಅಲ್ಲಿನ ಹೊಲದಲ್ಲಿ ಇಬ್ಬರ ಯಂತ್ರಗಳಿಗೆ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಅವರು ಯಾರಿಗೂ ತಿಳಿಸದೆ, ನಾಣ್ಯಗಳನ್ನು ಗುಟ್ಟಾಗಿ ಮಾರಲು ತೊಡಗಿದರು. ಸುಮಾರು ಮುನ್ನೂರು ನಾಣ್ಯಗಳಿದ್ದಿರಬೇಕೆಂದು ಎಣಿಕೆ. ಪೋಲೀಸರ ಕೈಗೆ ದೊರೆತವು 31. 2019ರಲ್ಲಿ ನ್ಯಾಯಾಲಯ ಅವರನ್ನು ಸೆರೆಮನೆಗೆ ಕಳುಹಿಸಿತು. ಆದರೆ ಸೆರೆಮನೆಯ ಬಾಗಿಲು ಹಾಕಿದ ಮಾತ್ರಕ್ಕೆ ಚದುರಿದ ನಾಣ್ಯಗಳು ಹಿಂದಿರುಗಲಿಲ್ಲ.

ನಷ್ಟ ಯಾವ ಬಗೆಯದು? ಉಳಿದ ಆ ಕೆಲವೇ ನಾಣ್ಯಗಳಲ್ಲಿ ಕೆಲವುಗಳ ಮೇಲೆ ಇಬ್ಬರು ಅರಸರು ಪಕ್ಕಪಕ್ಕದಲ್ಲಿ ಕುಳಿತಿದ್ದಾರೆ. ವೆಸೆಕ್ಸಿನ ಆಲ್ಫ್ರೆಡನೂ ಮರ್ಸಿಯದ ಎರಡನೆಯ ಕಿಯೋಲ್‌ವುಲ್ಫನೂ ಒಟ್ಟುಗೂಡಿ ಇಂತಹ ನಾಣ್ಯಗಳನ್ನು ಟಂಕಿಸಿದ್ದರು. ಆಲ್ಫ್ರೆಡನ ಕಡೆಯವರು ಬರೆದ ವೃತ್ತಾಂತದಲ್ಲಿ ಕಿಯೋಲ್‌ವುಲ್ಫನು ಡೇನರ ಕೈಗೊಂಬೆಯಾದ ಮೂಢ; ನಾಣ್ಯಗಳಲ್ಲಿ ಅವನು ಸರಿಸಮಾನನಾದ ಮಿತ್ರ. ಸಾವಿರದ ನೂರು ವರ್ಷ ಹಳೆಯದಾದ ಒಂದು ಅಪವಾದದಿಂದ ಅವನನ್ನು ಬಿಡಿಸುವ ಸಾಕ್ಷಿಗಳು ಅವು. ಅದೇ 2015ರಲ್ಲಿ ಆಕ್ಸ್‌ಫರ್ಡ್ ಪ್ರಾಂತದ ವಾಟ್ಲಿಂಗ್ಟನ್ ಎಂಬ ಪುಟ್ಟ ಪಟ್ಟಣದ ಬಳಿ ಇದೇ ಬಗೆಯ ಸುಮಾರು ಇನ್ನೂರು ನಾಣ್ಯಗಳು ಇನ್ನೊಬ್ಬ ಹವ್ಯಾಸಿಗೆ ದೊರೆತವು. ಅವನು ನಿಂತು, ತಿಳಿಸಿ, ತಜ್ಞರಿಗಾಗಿ ಕಾದನು. ಮಣ್ಣಿನ ಹೆಂಟೆಯ ಸಮೇತ ಅದನ್ನು ಎತ್ತಿಕೊಂಡು ಹೋಗಿ ಬಿಡಿಸಿದರು. ಇಂದು ಅದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಒಂದೇ ವರ್ಷ, ಒಂದೇ ಬಗೆಯ ನಿಧಿ, ಎರಡು ಬಗೆಯ ಮನುಷ್ಯರು.

ನಿಧಿಯೂ ನಿಕ್ಷೇಪವೂ

ಕನ್ನಡನಾಡಿನ ಹಳೆಯ ದಾನಶಾಸನಗಳಲ್ಲಿ ಭೂಮಿಯೊಡನೆ ಕೊಡುವ ಎಂಟು ಭೋಗಗಳ ಪಟ್ಟಿ ಬರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನಿಕ್ಷೇಪವೆಂದರೆ ಇಟ್ಟದ್ದು. ಇಂಗ್ಲೆಂಡಿನ ಹಳೆಯ ನ್ಯಾಯವೂ ಇದೇ ಮಾತನ್ನು ಬೇರೆ ಬಗೆಯಲ್ಲಿ ಕೇಳುತ್ತಿತ್ತು: ಹೊನ್ನು ಬೆಳ್ಳಿ ಕೈಜಾರಿ ಬಿದ್ದದ್ದೋ, ಮರಳಿ ತೆಗೆಯುವ ಉದ್ದೇಶದಿಂದ ಇಟ್ಟದ್ದೋ? ಇಟ್ಟದ್ದಾಗಿ, ಒಡೆಯನು ತಿಳಿಯದವನಾದರೆ ಮಾತ್ರ ಅದು ರಾಜ್ಯದ ನಿಧಿ. ಆಗ ತಂದೊಪ್ಪಿಸಿದವನಿಗೆ ಬಹುಮಾನ. 1993ರ ಸೆಪ್ಟೆಂಬರ್ 3ರಂದು ವಿಚಾರಣೆ ನಡೆದು ಹಾಕ್ಸನ್ನಿನದು ನಿಧಿಯೆಂದೇ ತೀರ್ಮಾನವಾಯಿತು. ಹದಿನೇಳೂವರೆ ಲಕ್ಷ ಪೌಂಡು ಬೆಲೆ ಕಟ್ಟಿದರು. ಅಷ್ಟೂ ಲಾಸ್‌ಗೆ ಸಂದಿತು. ರೈತನಿಗೆ ಪಾಲು ಕೊಡಬೇಕೆಂದು ಆಗಿನ ಕಾನೂನು ಹೇಳಿರಲಿಲ್ಲ. ಲಾಸ್ ಕೊಟ್ಟನು.

ಇದರ ಫಲ ಆ ಇಬ್ಬರಲ್ಲಿಯೇ ನಿಲ್ಲಲಿಲ್ಲ. ಅದುವರೆಗೆ ಹವ್ಯಾಸಿಗಳೂ ಪ್ರಾಕ್ತನಶಾಸ್ತ್ರಜ್ಞರೂ ಹಾವು ಮುಂಗುಸಿಗಳಂತಿದ್ದರು. 1996ರಲ್ಲಿ ಬಂದ ಹೊಸ ಕಾನೂನು, ನಿಧಿಯನ್ನು ಹದಿನಾಲ್ಕು ದಿನಗಳೊಳಗೆ ತಿಳಿಸಬೇಕೆಂದು ವಿಧಿಸಿತು. ನೆಲದವರಿಗೂ ಬಹುಮಾನದಲ್ಲಿ ಪಾಲು ಸಲ್ಲುವಂತೆ ದಾರಿ ಮಾಡಿತು. ಮರುವರ್ಷ ಮೊದಲಾದ ವ್ಯವಸ್ಥೆಯೊಂದರಲ್ಲಿ, ಕಾನೂನಿನ ಕಟ್ಟಿಲ್ಲದ ಸಣ್ಣಪುಟ್ಟ ವಸ್ತುಗಳನ್ನೂ ಹವ್ಯಾಸಿಗಳು ತಾವಾಗಿಯೇ ತಂದು ತೋರಿಸಿ, ಸಿಕ್ಕಿದ ಜಾಗವನ್ನು ಬರೆಸುತ್ತಾರೆ. ಹೀಗೆ ದಾಖಲಾದ ವಸ್ತುಗಳು ಹದಿನೈದು ಲಕ್ಷಕ್ಕೂ ಮಿಗಿಲು.

ಇತ್ತ ಭಾರತದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದವನು ಕಲೆಕ್ಟರಿಗೆ ತಿಳಿಸಬೇಕೆಂಬ ಕಾನೂನು 1878ರಲ್ಲಿಯೇ ಬಂದಿತು. ಆದರೂ ಅಮಾವಾಸ್ಯೆಯ ರಾತ್ರಿ ಅಂಜನ ಹಾಕಿಸಿ, ಹಾಳುಗುಡಿಯ ನಂದಿಯ ಹೊಟ್ಟೆಯಲ್ಲಿ ಕೊಪ್ಪರಿಗೆಯಿದೆಯೆಂದು ಒಡೆಯುವ ನಿಧಿಗಳ್ಳರ ಸುದ್ದಿ ಕನ್ನಡನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಒಡೆದವನಿಗೆ ಸಿಕ್ಕುವುದು ಕಲ್ಲುಪುಡಿ. ಊರಿಗೆ ಉಳಿಯುವುದು ಮುರಿದ ನಂದಿ. ಇದಕ್ಕೆ ಎದುರಾಗಿ ಚಿತ್ರದುರ್ಗದ ಚಂದ್ರವಳ್ಳಿಯನ್ನು ನೆನೆಯಬಹುದು. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ವ್ಹೀಲರ್ ಅವರೂ ಅಲ್ಲಿ ಪದರ ಪದರವಾಗಿ ಅಗೆದಾಗ ರೋಮನ್ ಚಕ್ರವರ್ತಿ ಟೈಬೀರಿಯಸ್ಸನ ನಾಣ್ಯವೂ ಸಾತವಾಹನರ ನಾಣ್ಯಗಳೂ ಬೆಳಕಿಗೆ ಬಂದವು. ಚಿನಿವಾರನ ತಕ್ಕಡಿಯಲ್ಲಿ ಆ ರೋಮನ್ ನಾಣ್ಯದ ತೂಕ ಕೆಲವೇ ಗುಲಗಂಜಿ. ಆದರೆ ಅದರ ಕಾಲ ಗೊತ್ತು. ಅದು ಮಲಗಿದ್ದ ಪದರವೂ ಗೊತ್ತು. ಆದುದರಿಂದ ಅದೇ ಪದರದ ಮಡಕೆಚೂರುಗಳ ಕಾಲವನ್ನು ತಿಳಿಯುವ ದಾರಿ ತೆರೆಯಿತು. ಅದೇ ನಾಣ್ಯ ಯಾವನೋ ಒಬ್ಬನ ಜೇಬು ಸೇರಿದ್ದರೆ ಬರಿಯ ಬೆಳ್ಳಿಯಾಗುತ್ತಿತ್ತು.

ಹಾಕ್ಸನ್ನಿನ ಹೊಲಗಳಲ್ಲಿ ಇಂದಿಗೂ ಉಳುಮೆ ಬಿತ್ತನೆಗಳು ನಡೆಯುತ್ತವೆ. ನಿಧಿಯನ್ನು ನೋಡಬೇಕೆನ್ನುವವರು ಲಂಡನ್ನಿಗೆ ಮರಳಿ ಬ್ರಿಟಿಷ್ ಮ್ಯೂಸಿಯಮ್ಮಿನ ರೋಮನ್ ಬ್ರಿಟನ್ ಕೊಠಡಿಗೆ ಹೋಗಬೇಕು. ಗಾಜಿನ ಆಚೆ ಚಕ್ರವರ್ತಿನಿಯ ಭರಣಿ, ಜೂಲಿಯಾನೆಯ ಬಳೆ, ನಾಣ್ಯಗಳ ರಾಶಿ. ಹುಡುಕಹೊರಟಿದ್ದ ಸುತ್ತಿಗೆಯೂ ಕೊನೆಗೆ ಸಿಕ್ಕಿತು. ರೈತನು ಅದನ್ನೂ ಮ್ಯೂಸಿಯಮ್ಮಿಗೆ ಒಪ್ಪಿಸಿದನು. ಮರದ ಹಿಡಿಯ, ದುಡಿದು ಸವೆದ, ಯಾವ ಸಂತೆಯಲ್ಲಿಯೂ ನಾಲ್ಕು ಕಾಸು ಬಾಳದ ಸುತ್ತಿಗೆ. ಆದರೆ ಅದು ಎಲ್ಲಿ ಬಿದ್ದಿತ್ತು, ಯಾರು ಕಳೆದರು, ಯಾರು ಹುಡುಕಿದರು ಎಂಬುದೆಲ್ಲ ಬಲ್ಲದ್ದಾದುದರಿಂದ ಅದಕ್ಕೂ ರೋಮನ್ ಹೊನ್ನಿನ ಸಾಲಿನಲ್ಲಿ ಒಂದು ಸ್ಥಾನ ದೊರೆತಿದೆ.